ಮಂಚೂರಿಯದ ಜೋಳ, ಕೋಲ್ಕತ್ತದ ಬಾಣಲೆ

ಆಳಂದ ತಾಲ್ಲೂಕಿನ ಖಜೂರಿ ಮಹಾರಾಷ್ಟ್ರದ ಗಡಿಯಂಚಿನ ಊರಾಗಿದ್ದು, ಇಲ್ಲಿನವರು ಓದಿಗೂ ದುಡಿಮೆಗೂ ಕಲಬುರಗಿ, ಸೊಲ್ಲಾಪುರ, ಪುಣೆ, ಮುಂಬಯಿ, ಹೈದರಾಬಾದ್, ಬೆಂಗಳೂರುಗಳಿಗೆ ಹೋಗಿಬರುವ ದಾರಿಯುದ್ದಕ್ಕೂ ‘ಚೈನೀಸ್’ ಎಂಬ ಫಲಕ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ತಾಲ್ಲೂಕು ಪಟ್ಟಣದ ಗೋಬಿ ಬಂಡಿಗೂ ಅದೇ ಹೆಸರು, ಬೆಂಗಳೂರಿನ ಪಂಚತಾರಾ ಹೋಟೆಲಿನ ಭೋಜನಶಾಲೆಗೂ ಅದೇ ಹೆಸರು. ಆದರೆ ಈ ಒಂದು ಪದದ ಅಡಿಯಲ್ಲಿ ಚೀನಾದ ಬೇರೆ ಬೇರೆ ಪ್ರಾಂತ್ಯಗಳ ಅಡುಗೆ, ಕೋಲ್ಕತ್ತದಲ್ಲಿ ನೆಲೆನಿಂತ ಚೀನೀ ಮನೆತನಗಳ ಅಡುಗೆ ಹಾಗೂ ಭಾರತದ ಬೀದಿಯಲ್ಲೇ ಹುಟ್ಟಿ ಬೆಳೆದ ಅಡುಗೆ ಒಂದರೊಳಗೊಂದು ಬೆರೆತುಹೋಗಿರುವುದರಿಂದ, ನಗರದ ಚೀನೀ ಹೋಟೆಲಿಗೆ ಹೋಗುವವರು ತಾವು ಯಾವ ಸೀಮೆಯ ಊಟ ಮಾಡುತ್ತಿದ್ದೇವೆಂಬುದನ್ನು ತಿಳಿಯದೆಯೇ ಎದ್ದು ಬರುತ್ತಾರೆ.

ಇದರಿಂದ ಆಗುವ ನಷ್ಟವನ್ನು ಕಲ್ಯಾಣ ಕರ್ನಾಟಕದವರು ಉಳಿದವರಿಗಿಂತ ಬೇಗ ಅರ್ಥ ಮಾಡಿಕೊಳ್ಳಬಲ್ಲರು. ಉತ್ತರ ಭಾರತದ ಹೋಟೆಲುಗಳಲ್ಲಿ ‘ಸೌತ್ ಇಂಡಿಯನ್’ ಎಂದರೆ ಇಡ್ಲಿ, ದೋಸೆ, ಸಾಂಬಾರ್ ಎಂದಷ್ಟೇ ಅರ್ಥವಿದ್ದು, ಖಡಕ್ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಝುಣಕಗಳಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ, ಅಂದರೆ ಒಂದು ಸೀಮೆಯ ಉತ್ಪನ್ನಕ್ಕೆ ಆ ಸೀಮೆಯ ಹೆಸರಿನಲ್ಲೇ ದೊರೆಯುವ ಕಾನೂನಿನ ರಕ್ಷಣೆ, ಪಡೆದ ಕಲಬುರಗಿಯ ತೊಗರಿಬೇಳೆಯೂ ಅಲ್ಲಿ ಬರಿಯ ‘ದಾಲ್’ ಆಗಿಬಿಡುತ್ತದೆ. ಚೀನಾದ ಅಡುಗೆಗೆ ನಾವು ಮಾಡುತ್ತಿರುವುದೂ ಇದನ್ನೇ.

ಚೀನಾದವರು ತಮ್ಮ ಅಡುಗೆಯನ್ನು ಸಾಮಾನ್ಯವಾಗಿ ಎಂಟು ಮಹಾ ಸಂಪ್ರದಾಯಗಳಾಗಿ ಗುರುತಿಸುತ್ತಾರೆ: ಶಾನ್‌ಡಾಂಗ್, ಸಿಚುವಾನ್, ಗ್ವಾಂಗ್‌ಡಾಂಗ್, ಜಿಯಾಂಗ್ಸು, ಝೆಜಿಯಾಂಗ್, ಫುಜಿಯಾನ್, ಹುನಾನ್ ಮತ್ತು ಅನ್ಹುಯಿ. ಇದಕ್ಕಿಂತಲೂ ಹಳೆಯ ಗಡಿಯೊಂದಿದೆ. ಚಿನ್‌ಲಿಂಗ್ ಪರ್ವತಸಾಲು ಮತ್ತು ಹುವಾಯ್ ನದಿಯನ್ನು ಕೂಡಿಸಿ ಎಳೆದ ಗೆರೆಯ ದಕ್ಷಿಣಕ್ಕೆ ಭತ್ತ ಬೆಳೆದು ಅನ್ನ ಉಣ್ಣುವ ಸೀಮೆಯಿದ್ದರೆ, ಉತ್ತರಕ್ಕೆ ಮಳೆ ಕಡಿಮೆಯಾಗಿ ಗೋಧಿ, ನವಣೆ ಮತ್ತು ಜೋಳದ ಸೀಮೆ ಆರಂಭವಾಗುತ್ತದೆ. ಅಲ್ಲಿ ನೂಡಲ್ಸ್, ಹಬೆಯಲ್ಲಿ ಬೇಯಿಸಿದ ಉಂಡೆ ರೊಟ್ಟಿಯಾದ ಮಾಂಟೌ, ಕಣಕದೊಳಗೆ ಹೂರಣ ತುಂಬಿ ಕುದಿಸುವ ಜಿಯಾವ್‌ಜಿಗಳೇ ದಿನದ ಊಟ. ಕರಾವಳಿಯ ಅನ್ನ, ಹಳೇ ಮೈಸೂರಿನ ರಾಗಿ, ನಮ್ಮ ಭಾಗದ ಜೋಳ ಎಂದು ಕರ್ನಾಟಕವನ್ನು ನೆಲ ಮತ್ತು ಮಳೆ ಸೇರಿ ಹಂಚಿಟ್ಟಿರುವಂತೆಯೇ ಅಲ್ಲಿಯೂ ಹಂಚಿಟ್ಟಿವೆ.

ಈ ಉತ್ತರದ ಸೀಮೆಯ ತುತ್ತತುದಿಯಲ್ಲಿರುವುದು ಮಂಚೂರಿಯ. ಕರ್ನಾಟಕದ ಮೂಲೆಮೂಲೆಯ ಮಕ್ಕಳಿಗೂ ಬಾಯಿಪಾಠವಾಗಿರುವ ಈ ಹೆಸರಿನ ನಾಡಿನಲ್ಲಿ ‘ಮಂಚೂರಿಯನ್’ ಎಂಬ ತಿನಿಸಾಗಲಿ, ಅದನ್ನು ಹೋಲುವ ಗ್ರೇವಿಯಾಗಲಿ ಇಲ್ಲ. ಹುಳಿಯೇರಿಸಿದ ಎಲೆಕೋಸು, ಜಿಯಾವ್‌ಜಿ, ಕೊರೆಯುವ ಚಳಿಗೆ ತಕ್ಕ ಬಿಸಿಬಿಸಿ ಸಾರು ಅಲ್ಲಿನ ಊಟದ ಗುರುತುಗಳು. ಇಪ್ಪತ್ತನೆಯ ಶತಮಾನದಲ್ಲಿ ಬಹುಕಾಲ ಅಲ್ಲಿನ ಸಾಮಾನ್ಯ ಜನರ ಹೊಟ್ಟೆ ತುಂಬಿಸಿದ ಧಾನ್ಯ ‘ಗಾವ್‌ಲಿಯಾಂಗ್’. ಅದು ಬೇರೇನೂ ಅಲ್ಲ, ಜೋಳವೇ. ಅವರು ರೊಟ್ಟಿ ಬಡಿಯಲಿಲ್ಲ. ಸಿಪ್ಪೆ ತೆಗೆದ ಕಾಳನ್ನು ನಮ್ಮ ಜೋಳದ ನುಚ್ಚಿನಂತೆ ಬೇಯಿಸಿ ಉಂಡರು, ದಂಟನ್ನೂ ಬಿಡದೆ ಸೌದೆಗೂ ತಡಿಕೆಗೂ ಬಳಸಿದರು. ಚೀನಾದ ಹೆಸರಾಂತ ಮದ್ಯವಾದ ಮೌತಾಯ್ ಕೂಡ ಕೆಂಪು ಜೋಳದಿಂದಲೇ ತಯಾರಾಗುತ್ತದೆ. ಮಾಲದಂಡಿ ಜೋಳ ಬೆಳೆಯುವ ಆಳಂದ, ಅಫಜಲಪುರ, ಜೇವರ್ಗಿಯ ರೈತನಿಗೂ ಮಂಚೂರಿಯದ ರೈತನಿಗೂ ಇರುವ ನಿಜವಾದ ನಂಟು ಗೋಬಿಯದ್ದಲ್ಲ, ಜೋಳದ್ದು. ಅದಕ್ಕೆ ಸೋಯಾಬೀನನ್ನೂ ಸೇರಿಸಬಹುದು: ಚೀನಾದ ನೆಲದಲ್ಲಿ ಪಳಗಿದ ಈ ಬೆಳೆ ಇಂದು ಬೀದರ್ ಮತ್ತು ಆಳಂದದ ಕಡೆ ಮುಂಗಾರಿನ ಹೊಲಗಳನ್ನು ತುಂಬಿದೆ. ಗೋಬಿ ಬಂಡಿಯ ಕಪ್ಪು ಸೋಯಾ ಸಾಸ್ ಮೂಲದಲ್ಲಿ ಇದೇ ಕಾಳನ್ನು ಗೋಧಿಯೊಡನೆ ಬೂಷ್ಟು ಹಿಡಿಸಿ, ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿ ತೆಗೆಯುವ ರಸ.

ಮಂಚೂರಿಯನ್ ಅಲ್ಲಿಂದ ಬಂದಿಲ್ಲವೆಂದಾದರೆ ಅದರ ತವರು ಯಾವುದೆಂಬ ಪ್ರಶ್ನೆಗೆ ಉತ್ತರ ಕೋಲ್ಕತ್ತದಲ್ಲಿದೆ. ವಾರನ್ ಹೇಸ್ಟಿಂಗ್ಸ್ ಗವರ್ನರ್ ಜನರಲ್ ಆಗಿದ್ದ ಕಾಲದಲ್ಲಿ ಟಾಂಗ್ ಅಚು ಎಂಬ ಚೀನೀ ವ್ಯಾಪಾರಿ ಹೂಗ್ಲಿ ನದಿಯ ದಡದಲ್ಲಿ ಜಮೀನು ಪಡೆದು ಸಕ್ಕರೆ ಕಾರ್ಖಾನೆ ಹೂಡಿದ್ದು, ಅವನ ಹೆಸರಿನಿಂದಲೇ ಆ ಊರು ಅಚಿಪುರವಾಯಿತು. ಮುಂದಿನ ಒಂದೂವರೆ ಶತಮಾನದಲ್ಲಿ ಬಂದವರಲ್ಲಿ ಗ್ವಾಂಗ್‌ಡಾಂಗ್‌ನ ಕ್ಯಾಂಟನೀಯರು ಬಡಗಿಗಳಾಗಿ, ಹುಬೇಯ್ ಪ್ರಾಂತ್ಯದವರು ದಂತವೈದ್ಯರಾಗಿ, ಹಕ್ಕಾ ಜನರು ಚರ್ಮ ಹದಮಾಡುವವರಾಗಿ ಬೇರೂರಿದರು. ‘ಹಕ್ಕಾ’ ಎಂದರೆ ಅತಿಥಿ ಮನೆತನ ಎಂದರ್ಥ. ಉತ್ತರ ಚೀನಾದಿಂದ ದಕ್ಷಿಣಕ್ಕೆ ಅಲೆಅಲೆಯಾಗಿ ವಲಸೆ ಬಂದು, ತಾವು ನೆಲೆಸಿದಲ್ಲಿ ಹೊರಗಿನವರೆಂದೇ ಕರೆಸಿಕೊಂಡ ಜನ ಅವರು. ಮೇಲ್ಜಾತಿಯವರು ಮುಟ್ಟದ ಚರ್ಮದ ಕಸುಬನ್ನು ಕೈಗೆತ್ತಿಕೊಂಡು ನಗರದ ಪೂರ್ವದಂಚಿನ ಟಾಂಗ್ರಾದಲ್ಲಿ ಅವರು ಕಟ್ಟಿದ ಬದುಕು 1962ರ ಭಾರತ-ಚೀನಾ ಯುದ್ಧದಲ್ಲಿ ನುಚ್ಚುನೂರಾಯಿತು. ಸುಮಾರು 3,000 ಚೀನೀ ಮೂಲದವರನ್ನು ರಾಜಸ್ಥಾನದ ದೇವಳಿ ಶಿಬಿರದಲ್ಲಿ ಕೂಡಿಹಾಕಲಾಯಿತು. ಅವರಲ್ಲಿ ಈ ನೆಲದಲ್ಲೇ ಹುಟ್ಟಿದ ಮಕ್ಕಳೂ ಮುದುಕರೂ ಇದ್ದರು. ಬಿಡುಗಡೆಯಾದ ಮೇಲೆ ಅನೇಕರು ಕೆನಡಾಕ್ಕೆ ಹೊರಟುಹೋದರು. ಟೊರಾಂಟೊದಲ್ಲಿ ಇಂದು ‘ಹಕ್ಕಾ’ ಎಂಬ ಫಲಕ ಹೊತ್ತ ಹೋಟೆಲುಗಳಲ್ಲಿ ಚಿಲ್ಲಿ ಚಿಕನ್ ಸಿಗುವುದು ಈ ಕಾರಣದಿಂದಲೇ. ಉಳಿದವರ ಚರ್ಮದ ಕಾರ್ಖಾನೆಗಳನ್ನು ನಗರದಿಂದ ಹೊರಗೆ ಸಾಗಿಸಲು 1996ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ ನಂತರ ಟಾಂಗ್ರಾ ಹೆಚ್ಚಾಗಿ ಹೋಟೆಲುಗಳ ಬಡಾವಣೆಯಾಯಿತು. ನಾವು ಲಘುವಾಗಿ ‘ಚೈನೀಸ್’ ಎನ್ನುವ ರುಚಿಯ ಹಿಂದೆ ಇಷ್ಟೊಂದು ನೋವುಂಡ ಒಂದು ಸಮುದಾಯದ ದುಡಿಮೆ ಇದೆಯೆಂಬುದು ಕನ್ನಡದಲ್ಲಿ ಬರಬೇಕಾದಷ್ಟು ಬಂದಿಲ್ಲ.

ಹಕ್ಕಾ ಮನೆಗಳ ಸ್ವಂತ ಅಡುಗೆ ಬಿಸಿ ಉಪ್ಪಿನಲ್ಲಿ ಹುದುಗಿಸಿ ಬೇಯಿಸಿದ ಕೋಳಿ, ಹೂರಣ ತುಂಬಿದ ತೋಫು, ಒಣಗಿಸಿದ ಸಾಸಿವೆ ಸೊಪ್ಪಿನೊಡನೆ ಬೆಂದ ಹಂದಿಮಾಂಸ. ಅಂಗಡಿಗೆ ಬಂದ ಬಂಗಾಳಿ, ಪಂಜಾಬಿ ಗಿರಾಕಿಗಳ ನಾಲಗೆಗಾಗಿ ಅವರು ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಸಾರುಗಳನ್ನು ರೂಢಿಸಿಕೊಂಡರು. ಕೋಲ್ಕತ್ತದಲ್ಲೇ ಹುಟ್ಟಿದ ಚೀನೀ ಮೂಲದ ಬಾಣಸಿಗ ನೆಲ್ಸನ್ ವಾಂಗ್ 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್‌ನಲ್ಲಿ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿಗಳ ಒಗ್ಗರಣೆಗೆ ಗರಂ ಮಸಾಲೆಯ ಬದಲು ಸೋಯಾ ಸಾಸ್ ಸುರಿದು ಚಿಕನ್ ಮಂಚೂರಿಯನ್ ಮಾಡಿದರೆಂಬುದು ಪ್ರಸಿದ್ಧ ವೃತ್ತಾಂತ. ಕೋಳಿಯ ಸ್ಥಾನದಲ್ಲಿ ಹೂಕೋಸು ಬಂದದ್ದು ಸಸ್ಯಾಹಾರಿಗಳಿಗಾಗಿ. ಹೂಕೋಸಾದರೂ 1822ರಲ್ಲಿ ಇಂಗ್ಲೆಂಡಿನಿಂದ ಬೀಜ ತರಿಸಿ ಸಹಾರನಪುರದ ಉದ್ಯಾನದಲ್ಲಿ ಬೆಳೆದ ತರಕಾರಿ.

ಬಂಡಿಯ ಮುಂದೆ ಐದು ನಿಮಿಷ ನಿಂತರೆ ಈ ಅಡುಗೆಯಲ್ಲಿ ಚೀನಾದ ಪಾಲು ಎಷ್ಟೆಂಬುದು ಕಾಣುತ್ತದೆ. ಬಿಡಿಸಿದ ಹೂಕೋಸನ್ನು ಉಪ್ಪುನೀರಿನಲ್ಲಿ ಅರೆಬೇಯಿಸಿ, ಮೈದಾ ಮತ್ತು ಕಾರ್ನ್‌ಫ್ಲೋರ್ ಹಿಟ್ಟಿನಲ್ಲಿ ಅದ್ದಿ, ಒಮ್ಮೆ ಕರಿದು ಗುಡ್ಡೆ ಹಾಕಿರುತ್ತಾರೆ. ಗಿರಾಕಿ ಕೇಳಿದಾಗ ಮತ್ತೊಮ್ಮೆ ಕರಿಯುತ್ತಾರೆ. ಆಮೇಲೆ ದುಂಡುತಳದ ಕಬ್ಬಿಣದ ಬಾಣಲೆಯನ್ನು ಹೊಗೆಯಾಡುವಂತೆ ಕಾಯಿಸಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಉಳ್ಳಾಗಡ್ಡಿ ಹಾಕಿದ ಕೂಡಲೇ ಉರಿ ಬಾಣಲೆಯ ಅಂಚು ದಾಟಿ ಒಳಕ್ಕೆ ನುಗ್ಗುತ್ತದೆ. ಕೈ ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಎಳೆದಂತೆ ಗೋಬಿ ಗಾಳಿಯಲ್ಲಿ ಮಗುಚಿ ಬೀಳುತ್ತದೆ. ಕ್ಯಾಂಟನೀಯರು ಈ ಕ್ಷಣದಲ್ಲಿ ಪದಾರ್ಥಕ್ಕೆ ಹತ್ತುವ ಸುಟ್ಟ ಸುವಾಸನೆಗೆ ‘ವಾಕ್ ಹೇ’, ಅಂದರೆ ಬಾಣಲೆಯ ಉಸಿರು, ಎನ್ನುತ್ತಾರೆ. ಹೆಸರು, ಮಸಾಲೆ, ತರಕಾರಿ ಎಲ್ಲವೂ ಬದಲಾದರೂ ಈ ಉಸಿರು ಮಾತ್ರ ಚೀನಾದ್ದೇ ಆಗಿದ್ದು, ಅದನ್ನು ಕೈವಶ ಮಾಡಿಕೊಂಡ ಬಂಡಿಯವನನ್ನು ಕುಶಲಕರ್ಮಿಯೆಂದೇ ಎಣಿಸಬೇಕು.

ನಗರದ ಚೀನೀ ಹೋಟೆಲಿನಲ್ಲಿ ಪ್ರಾಂತ್ಯದ ಅಡುಗೆ ಹುಡುಕುವವರಿಗೆ ಮೊದಲು ಎದುರಾಗುವ ಹೆಸರು ‘ಶೆಜ್ವಾನ್’. ಇದು ಸಿಚುವಾನ್ ಎಂಬುದರ ಭಾರತೀಯ ಉಚ್ಚಾರ. ಮುಂಬಯಿಯ ತಾಜ್ ಹೋಟೆಲಿನಲ್ಲಿ 1973ರಲ್ಲಿ ಆರಂಭವಾದ ಗೋಲ್ಡನ್ ಡ್ರ್ಯಾಗನ್ ಈ ಸೀಮೆಯ ಅಡುಗೆಯನ್ನು ನಮ್ಮ ದೇಶಕ್ಕೆ ಪರಿಚಯಿಸಿತು. ಬಾಟಲಿಯಲ್ಲಿ ಬರುವ ಕೆಂಪು ಶೆಜ್ವಾನ್ ಚಟ್ನಿಯಲ್ಲಿ ಒಣಮೆಣಸಿನಕಾಯಿ ಮತ್ತು ಬೆಳ್ಳುಳ್ಳಿ ಇರುತ್ತವೆಯೇ ಹೊರತು ಸಿಚುವಾನಿನ ಪ್ರಾಣವಾದ ‘ಹುವಾಜಿಯಾವ್’ ಸಾಮಾನ್ಯವಾಗಿ ಇರುವುದಿಲ್ಲ. ಹುವಾಜಿಯಾವ್ ಖಾರವಲ್ಲ, ತುಟಿ ನಾಲಗೆಗಳನ್ನು ಜುಮ್ಮೆನ್ನಿಸುವ ಕಾಯಿ. ಈ ಜುಮ್ಮು ಮತ್ತು ಮೆಣಸಿನಕಾಯಿಯ ಖಾರ ಕೂಡಿದ ರುಚಿಗೆ ಅಲ್ಲಿ ‘ಮಾಲಾ’ ಎಂದು ಹೆಸರು. ಅದರ ಹತ್ತಿರದ ಬಂಧು ಕರ್ನಾಟಕದಲ್ಲೇ ಇದೆ. ಉತ್ತರ ಕನ್ನಡದ ಕಡೆ ಮೀನಿನ ಸಾರಿಗೆ ಹಾಕುವ, ಕೊಂಕಣಿಗರು ತೆಪ್ಪಲ್ ಎನ್ನುವ ಜುಮ್ಮನಕಾಯಿ ಅದೇ ಕುಲದ ಮರದ್ದಾಗಿದ್ದು, ಎರಡರಲ್ಲೂ ಬೀಜ ಎಸೆದು ಸಿಪ್ಪೆಯನ್ನೇ ಬಳಸುತ್ತಾರೆ. ಮೆಣಸಿನಕಾಯಿಯಾದರೋ ಅಮೆರಿಕ ಖಂಡದಿಂದ ಹೊರಟು ನಮ್ಮಲ್ಲಿಗೂ ಚೀನಾಕ್ಕೂ ಹದಿನಾರನೆಯ ಶತಮಾನದಲ್ಲಿ ಬಂದದ್ದು. ಮೆನುವಿನಲ್ಲಿ ಸಿಚುವಾನಿನ ತಿನಿಸಾದ ಮಾಪೊ ತೋಫು ಕಂಡರೆ ತರಿಸಿಕೊಂಡು, ನಾಲಗೆ ಜುಮ್ಮೆಂದಿತೇ ಎಂದು ನೋಡಿದರೆ ಆ ಹೋಟೆಲಿನ ಸಿಚುವಾನ್ ಎಷ್ಟು ನಿಜವೆಂಬುದು ಒಂದೇ ತುತ್ತಿಗೆ ಗೊತ್ತಾಗುತ್ತದೆ.

ಹುನಾನಿನಲ್ಲಿ ಖಾರ ಇನ್ನೂ ಚುರುಕು, ಆದರೆ ಜುಮ್ಮು ಇಲ್ಲ. ಗ್ವಾಂಗ್‌ಡಾಂಗ್‌ನ ಕ್ಯಾಂಟನೀಸ್ ಅಡುಗೆ ಇದಕ್ಕೆ ತದ್ವಿರುದ್ಧವಾಗಿ ಮಸಾಲೆಯನ್ನು ಹಿಂದಿಟ್ಟು ಪದಾರ್ಥದ ತಾಜಾತನವನ್ನು ಮುಂದಿಡುತ್ತದೆ. ಚಹಾದೊಡನೆ ಪುಟ್ಟ ಬಿದಿರು ಬುಟ್ಟಿಗಳಲ್ಲಿ ಬರುವ ಡಿಮ್ ಸಮ್ ಅಲ್ಲಿಯದು. 1960ರ ದಶಕದಲ್ಲಿ ಬೈಲಕುಪ್ಪೆ ಮತ್ತು ಮುಂಡಗೋಡಗಳಲ್ಲಿ ನೆಲೆಸಿದ ಟಿಬೆಟಿಯನ್ನರ ಮೊಮೊ, ಥುಕ್ಪಾಗಳನ್ನು ಚೈನೀಸ್ ಪಟ್ಟಿಗೆ ಸೇರಿಸುವ ರೂಢಿ ಸರಿಯಲ್ಲ. ಅದು ಸ್ವತಂತ್ರ ಅಡುಗೆ. ಊಟದ ಕ್ರಮವೂ ಗಮನಿಸಬೇಕಾದದ್ದು: ಒಬ್ಬೊಬ್ಬರೂ ಒಂದೊಂದು ತಾಟು ತರಿಸದೆ, ನಾಲ್ಕು ಬಗೆಯನ್ನು ನಡುವೆ ಇಟ್ಟು ಎಲ್ಲರೂ ಹಂಚಿಕೊಂಡು ಉಣ್ಣುವುದು ಚೀನೀ ಪದ್ಧತಿ.

ಮತ್ತೆ ಗೋಬಿ ಬಂಡಿಗೆ ಬಂದರೆ, ಬೀದಿ ಬದಿಯಲ್ಲಿ ‘ಟೇಸ್ಟಿಂಗ್ ಪೌಡರ್’ ಎನಿಸಿಕೊಂಡಿರುವ ಅಜಿನೊಮೊಟೊ, ಜಪಾನಿನ ವಿಜ್ಞಾನಿ ಕಿಕುನೆ ಇಕೆಡಾ 1908ರಲ್ಲಿ ಸಮುದ್ರಪಾಚಿಯ ಸಾರಿನಿಂದ ಗುರುತಿಸಿದ ರುಚಿಯ ಲವಣ. ಅದರ ಮೇಲಿನ ಭಯ ಅದರ ದೋಷಕ್ಕಿಂತ ದೊಡ್ಡದು. ನಿಜವಾದ ಅಪಾಯ ಬಣ್ಣದ್ದು. ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 171 ಗೋಬಿ ಮಂಚೂರಿಯನ್ ಮಾದರಿಗಳಲ್ಲಿ 107ರಲ್ಲಿ ಸುರಕ್ಷಿತವಲ್ಲದ ಕೃತಕ ಬಣ್ಣಗಳು ಕಂಡುಬಂದುದರಿಂದ, 2024ರ ಮಾರ್ಚ್ 11ರಂದು ಗೋಬಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಬೆರೆಸುವುದನ್ನು ಸರ್ಕಾರ ನಿಷೇಧಿಸಿತು. ಕೆಂಪು ಬೇಕೇ ಬೇಕೆನ್ನುವವರಿಗೆ ಖಾರ ಕಡಿಮೆಯಿದ್ದು ಬಣ್ಣ ತುಂಬಿರುವ ಬ್ಯಾಡಗಿ ಮೆಣಸಿನಕಾಯಿ ನೆನೆಸಿ ಅರೆದರೆ ಸಾಕು. ಓದುಗರು ಮುಂದಿನ ಸಲ ಬಂಡಿಯ ಮುಂದೆ ನಿಂತಾಗ ಬಣ್ಣ ಹಾಕದ ಗೋಬಿಯನ್ನೇ ಕೇಳಿ ಪಡೆಯಬೇಕು.