ನೀರ ಕೆಳಗಿನ ದಾರಿಯ ಅಗಸಿ

ಊರಿನ ಯೋಗ್ಯತೆಯನ್ನು ಅದರ ಅಗಸಿಯಿಂದ ಅಳೆಯುವದು ನಮ್ಮ ಹಿರಿಯರ ವಾಡಿಕೆ. ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯ ರೈತನಿಗಾಗಲಿ, ನವಲಗುಂದದ ವರ್ತಕನಿಗಾಗಲಿ ಅಗಸಿಯೆಂದರೆ ಏನೆಂಬುದನ್ನು ಹೇಳಿಕೊಡಬೇಕಾಗಿಲ್ಲ. ಸುಗ್ಗಿಯ ಹೇರು ಹೊತ್ತ ಚಕ್ಕಡಿ, ಮೇಯಲು ಹೊರಟ ದನ, ಮದುವೆಯ ದಿಬ್ಬಣ, ಸಂತೆಯ ಬುಟ್ಟಿ, ಕಡೆಗೆ ಹೆಣದ ಚಟ್ಟ, ಇವೆಲ್ಲವೂ ಹಾಯಬೇಕಾದ ಬಾಗಿಲು ಅದು. ಕೆಲವರನ್ನು ಅದರ ಹೊರಗೇ ಇರಿಸಿದ ಪಾಪವೂ ನಮ್ಮ ಊರುಗಳ ತಲೆಯ ಮೇಲಿದೆ. ಆದುದರಿಂದ ಯಾವ ಬಾಗಿಲನ್ನು ಕಂಡರೂ ಅದು ಎಷ್ಟು ಅಂದವಾಗಿದೆಯೆಂದು ಕೇಳಿದೊಡನೆ, ಅದು ಯಾರಿಗೆ ತೆರೆದಿದೆಯೆಂದೂ ಕೇಳತಕ್ಕದ್ದು.

ಈ ಪ್ರಶ್ನೆಯನ್ನು ಇಂದು ಎತ್ತಲು ಕಾರಣವಿದೆ. 1956ರ ವರೆಗೆ ಧಾರವಾಡ ಜಿಲ್ಲೆಯು ಯಾವ ನಗರದಿಂದ ಆಳಿಸಿಕೊಳ್ಳುತ್ತಿತ್ತೋ, ಇಂದಿಗೂ ಯಾವ ನಗರದಲ್ಲಿ ಅಸಂಖ್ಯ ಕನ್ನಡಿಗರು ಹೊಟ್ಟೆ ಹೊರೆಯುತ್ತಿರುವರೋ, ಆ ಮುಂಬಯಿಯಲ್ಲಿ 2024ನೆಯ ಇಸವಿಯ ಮಾರ್ಚ್ 11ರಂದು ಸಮುದ್ರದ ತಳದಲ್ಲಿ ಹಾಯುವ ರಸ್ತೆಯ ಸುರಂಗವೊಂದು ಉದ್ಘಾಟನೆಗೊಂಡಿತು. ಭಾರತದಲ್ಲಿ ಇದು ಮೊದಲನೆಯದು. ಇಂಥ ಬಾಗಿಲುಗಳ ಚರಿತ್ರೆಯು ಮಾತ್ರ ಹೊಸದಲ್ಲ. ಅದು ಲಂಡನ್ನಿನ ಥೇಮ್ಸ್ ನದಿಯ ಕೆಳಗೆ ಸುಮಾರು ಇನ್ನೂರು ವರ್ಷಗಳ ಹಿಂದೆ ಮೊದಲಾಯಿತು. ಮುಂಬಯಿಯದನ್ನು ತೂಗಿ ನೋಡುವ ಮೊದಲು ಆ ಚರಿತ್ರೆಯನ್ನು ಅರಿಯುವದು ಯುಕ್ತ.

ಮಾರ್ಕ್ ಬ್ರುನೆಲ್ ಎಂಬ ಎಂಜಿನಿಯರನು 1825ರಲ್ಲಿ ಆ ನದಿಯ ಕೆಳಗೆ ಸುರಂಗವನ್ನು ಅಗೆಯಲಾರಂಭಿಸಿದನು. ದೊಡ್ಡದೊಂದು ಕಬ್ಬಿಣದ ಚೌಕಟ್ಟು. ಅದರ ಗೂಡುಗಳಲ್ಲಿ ನಿಂತು ಕೂಲಿಕಾರರು ಎದುರಿನ ಮಣ್ಣನ್ನು ಕಡಿಯುವರು. ಕಡಿದಷ್ಟು ಚೌಕಟ್ಟು ಮುಂದೆ ಸರಿಯುವದು. ಹಿಂದೆ ಇಟ್ಟಿಗೆಯ ಕಟ್ಟಡ ಏಳುವದು. ಹೊಳೆಯು ಮತ್ತೆ ಮತ್ತೆ ಒಳನುಗ್ಗಿತು. 1828ರ ಜನವರಿಯಲ್ಲಿ ಆರು ಜನರು ನೀರುಪಾಲಾದರು. 1843ರಲ್ಲಿ ಸುರಂಗವೇನೋ ತೆರೆಯಿತು. ಆದರೆ ಅದನ್ನು ಅಗೆದುದು ಗಾಡಿಗಳಿಗೆಂದು. ಗಾಡಿಗಳು ಇಳಿದು ಬರುವ ಇಳಿಜಾರು ಹಾದಿಗಳನ್ನು ಕಟ್ಟಲು ಹಣವೇ ಉಳಿಯಲಿಲ್ಲ. ಮೆಟ್ಟಿಲಿಳಿದು ನಡೆದು ಹೋಗುವವರಿಗಷ್ಟೇ ಅದು ಒದಗಿತು. ಕಡೆಗೆ ರೈಲು ಕಂಪನಿಯ ಕೈಸೇರಿ 1869ರಿಂದ ಉಗಿಬಂಡಿಯ ದಾರಿಯಾಯಿತು. ನಡುವಿನ ಮಹಾಸಾಹಸವೆಲ್ಲ ನೆರವೇರಿಯೂ ಬಾಗಿಲೊಂದಿಲ್ಲದೆ ಉದ್ದೇಶವು ಕೆಟ್ಟಿತು.

ಗಾಡಿಗಳಿಗೆ ತಕ್ಕ ಬಾಗಿಲು ಅದೇ ನದಿಯ ಬ್ಲ್ಯಾಕ್‌ವಾಲ್ ಎಂಬಲ್ಲಿ 1897ರಲ್ಲಿ ಆಯಿತು. ಅದರ ಹಿಂದಿದ್ದುದು ನ್ಯಾಯದ ಪ್ರಶ್ನೆ. ಲಂಡನ್ನಿನ ಸೇತುವೆಗಳ ಸುಂಕವನ್ನು 1877ರ ಕಾಯಿದೆಯ ಬಲದಿಂದ ಸಾರ್ವಜನಿಕ ಹಣ ತೆತ್ತು ಬಿಡಿಸಲಾಯಿತು. ಆ ಸೇತುವೆಗಳೆಲ್ಲ ಇದ್ದುದು ಪಶ್ಚಿಮದ ಕಡೆಗೆ. ಪೂರ್ವದ ಕಡೆಗಿದ್ದವರು ಬಂದರಿನ ಹಮಾಲರು, ಕಾರಖಾನೆಯ ಕೂಲಿಕಾರರು. ಕರಪಟ್ಟಿಯನ್ನು ಅವರೂ ತೆರುವರು. ಸೇತುವೆ ಮಾತ್ರ ಅವರಿಗಿಲ್ಲ! ಎತ್ತರದ ಪಟಸ್ತಂಭದ ಹಡಗುಗಳು ಬಂದು ಹೋಗುವ ಆ ಭಾಗದಲ್ಲಿ ಸೇತುವೆ ಕಟ್ಟುವದು ದುಸ್ತರವಾದುದರಿಂದ ನೀರಿನ ಕೆಳಗೆ ಸುಂಕವಿಲ್ಲದ ದಾರಿಯನ್ನು ಕಟ್ಟಿಕೊಡುವದೆಂದು ತೀರ್ಮಾನವಾಯಿತು.

ಲಂಡನ್ ಕೌಂಟಿ ಕೌನ್ಸಿಲಿನ ಎಂಜಿನಿಯರ ಅಲೆಕ್ಸಾಂಡರ್ ಬಿನ್ನಿಯ ಯೋಜನೆಯಂತೆ 1892ರಲ್ಲಿ ಕೆಲಸವು ಮೊದಲಾಯಿತು. ನದಿಯ ತಳಕ್ಕೂ ಸುರಂಗದ ನೆತ್ತಿಗೂ ಕೆಲವೇ ಅಡಿಗಳ ಅಂತರವಿದ್ದಲ್ಲಿ ಹೊಳೆಯೊಳಗೆ ಜೇಡಿಮಣ್ಣನ್ನು ಸುರಿದು ತಳವನ್ನು ದಪ್ಪಗೊಳಿಸಿದರು. ನೀರು ಒಳಗೆ ನುಗ್ಗದಂತೆ ಗಾಳಿಯನ್ನು ಒತ್ತಿ ತುಂಬಿ, ಆ ಒತ್ತಡದಲ್ಲಿಯೇ ಕೂಲಿಕಾರರು ದುಡಿದರು. ಏಳು ಜನರು ಪ್ರಾಣ ತೆತ್ತರು. ಆರುನೂರಕ್ಕೂ ಹೆಚ್ಚು ಜನರು ಮನೆ ಬಿಟ್ಟು ಬೇರೆಡೆಗೆ ಹೋಗಬೇಕಾಯಿತು. ಖರ್ಚು ಹದಿನಾಲ್ಕು ಲಕ್ಷ ಪೌಂಡು.

ಇಷ್ಟೆಲ್ಲ ತೆತ್ತ ಮೇಲೆ ಬಾಗಿಲನ್ನು ಬರಿಯ ಗುಂಡಿಯಂತೆ ಬಿಡಲು ಕೌನ್ಸಿಲಿಗೆ ಮನಸ್ಸಾಗಲಿಲ್ಲ. ಅದರ ಶಿಲ್ಪಿ ಥಾಮಸ್ ಬ್ಲ್ಯಾಶಿಲ್ಲನು ದಂಡೆಗೊಂದರಂತೆ ಹೆಬ್ಬಾಗಿಲುಗಳನ್ನು ನಿಲ್ಲಿಸಿದನು. ದಕ್ಷಿಣದ್ದು ಇಂದಿಗೂ ಇದೆ: ಅಗಲವಾದ ಕಮಾನು, ಅದರ ಮೇಲೆ ಕೋಣೆಗಳು, ಮೂಲೆಗಳಲ್ಲಿ ಪುಟ್ಟ ಗೋಪುರಗಳು, ಕಡಿದಾಗಿ ಇಳಿಯುವ ಮಾಡು. ಅರಮನೆಗೆ ಒಪ್ಪುವ ಈ ಬಾಗಿಲಿನೊಳಗೆ ಹಾದುದು ಕುದುರೆಯ ಬಂಡಿ, ಕೈಗಾಡಿ ಮತ್ತು ಬುತ್ತಿಗಂಟು ಹಿಡಿದ ಕೂಲಿಯವನು. ಬಡವರ ದಾರಿಗೆ ಬಡ ಬಾಗಿಲು ಸಾಕೆಂಬ ಲೆಕ್ಕವನ್ನು ಅಲ್ಲಿಯ ಪೌರಸಭೆಯು ಹಾಕಲಿಲ್ಲವೆಂಬುದನ್ನು ನಮ್ಮ ಅಧಿಕಾರಿವರ್ಗವು ಗಮನಿಸತಕ್ಕದ್ದು. 1908ರಲ್ಲಿ ಹತ್ತಿರದ ರಾದರ್‌ಹೈತಿನಲ್ಲಿ ಇನ್ನೊಂದು ಸುರಂಗವಾದಾಗ, ನೆಲವನ್ನು ಕೊರೆದ ಯಂತ್ರದ ಉಕ್ಕಿನ ಅಂಚನ್ನೇ ತಂದು ಬಾಗಿಲ ಕಮಾನಾಗಿ ನಿಲ್ಲಿಸಿದರು. ದುಡಿದ ಹತಾರಕ್ಕೆ ತೋರಣದ ಪದವಿ!

ಕಾಲಕ್ರಮದಲ್ಲಿ ಬ್ಲ್ಯಾಕ್‌ವಾಲಿನ ಬಾಗಿಲು ಕಿರಿದಾಗುತ್ತ ಬಂದಿತು. ಎರಡನೆಯ ಸುರಂಗಕ್ಕೆ ಸ್ಥಳ ಬೇಕೆಂದು 1958ರಲ್ಲಿ ಉತ್ತರದ ಹೆಬ್ಬಾಗಿಲನ್ನು ಕೆಡವಿದರು. 1969ರಲ್ಲಿ ಕಾಲ್ನಡಿಗೆಯವರಿಗೆ ಪ್ರವೇಶವು ನಿಂತಿತು. 2025ನೆಯ ಏಪ್ರಿಲ್ 7ರಂದು, ಪಕ್ಕದ ಸಿಲ್ವರ್‌ಟೌನ್ ಸುರಂಗವು ತೆರೆದ ದಿನವೇ, ಸುಂಕವಿಲ್ಲವೆಂಬ ಹೆಮ್ಮೆಯಿಂದ ಹುಟ್ಟಿದ ಈ ದಾರಿಗೂ ಸುಂಕ ಬಿದ್ದಿತು. ಕಲ್ಲಿನ ಕಮಾನು ಅಷ್ಟೇ ಅಗಲವಿದೆ. ಅದರೊಳಗೆ ಹಾಯುವ ಹಕ್ಕು ಮಾತ್ರ ಕುಗ್ಗಿದೆ.

ಈಗ ಮುಂಬಯಿಗೆ ಬರೋಣ. ಪ್ರಿಯದರ್ಶಿನಿ ಉದ್ಯಾನ ಮತ್ತು ಗಿರಗಾಂವ ಚೌಪಾಟಿಗಳ ನಡುವೆ, ಮಲಬಾರ ಹಿಲ್ಲಿನ ಅಡಿಯಿಂದಲೂ ಕಡಲ ಅಡಿಯಿಂದಲೂ ಹಾಯ್ದ ಜೋಡಿ ಸುರಂಗಗಳು ತಲಾ 2.07 ಕಿಲೋಮೀಟರ್ ಉದ್ದವಿವೆ. ‘ಮಾವಳಾ’ ಎಂಬ ಹೆಸರಿನ, 12.19 ಮೀಟರ್ ವ್ಯಾಸದ ಯಂತ್ರವು ಇವನ್ನು ಕೊರೆಯಿತು. ಸುಂಕವಿಲ್ಲ, ಇದು ಶ್ಲಾಘನೀಯ. ಆದರೆ ಈ ದಾರಿಯಲ್ಲಿ ದ್ವಿಚಕ್ರಕ್ಕೆ, ಆಟೋರಿಕ್ಷಾಕ್ಕೆ, ಸೈಕಲ್ಲಿಗೆ, ಕೈಗಾಡಿಗೆ, ಕಾಲ್ನಡಿಗೆಗೆ ಪ್ರವೇಶವಿಲ್ಲ. ವೇಗದ ಮೋಟಾರುಗಳ ನಡುವೆ, ಮುಚ್ಚಿದ ಸುರಂಗದಲ್ಲಿ, ಇವರ ಪ್ರಾಣಕ್ಕೆ ಅಪಾಯವೆಂಬ ಪೋಲೀಸರ ಮಾತನ್ನು ನಾವು ತಳ್ಳಿಹಾಕುವದಿಲ್ಲ. ಕಡಲ ದಂಡೆಯಲ್ಲಿ ನಡೆಯುವವರಿಗೆಂದು 2025ರಲ್ಲಿ ಬೇರೆ ಹಾದಿಯನ್ನು ತೆರೆದುದನ್ನೂ ಮರೆಯುವದಿಲ್ಲ. ಆದರೂ ಇದು ಮುಂಬಯಿಯ ಮಹಾನಗರಪಾಲಿಕೆಯು ಕಟ್ಟಿಸಿದ ರಸ್ತೆ. ಪಾಲಿಕೆಯ ಬೊಕ್ಕಸಕ್ಕೆ ಚಾಳದಲ್ಲಿ ವಾಸಿಸುವವನ ಪಾಲೂ ಸೇರಿರುವದಲ್ಲವೆ? ಅವನಿಗೆ ಈ ಅಗಸಿಯೊಳಗೆ ಹಾಯಲು ಉಳಿದಿರುವ ದಾರಿ ಬಸ್ಸೊಂದೇ. ಹಾಗಿದ್ದ ಮೇಲೆ ಬಸ್ಸು ಆ ರಸ್ತೆಯ ಅಲಂಕಾರವಾಗದೆ ಅದರ ಮುಖ್ಯ ಪ್ರಯೋಜನವಾಗಬೇಕು. ಹತ್ತು ಮೋಟಾರು ಹೋದಲ್ಲಿ ಒಂದು ಬಸ್ಸಾದರೂ ತುಂಬಿ ಹೋಗಬೇಕು.

ಈ ಮಾತು ಕರ್ನಾಟಕಕ್ಕೂ ಸಲ್ಲುವದು. ಬೆಂಗಳೂರಿನಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನ ವರೆಗೆ, ನೀರಿನ ಕೆಳಗಲ್ಲದಿದ್ದರೂ ನೆಲದ ಕೆಳಗೆ, ಹದಿನಾರು ಕಿಲೋಮೀಟರಿಗೂ ಮಿಕ್ಕ ಸುರಂಗ ರಸ್ತೆಯ ಯೋಜನೆ ಬಂದಿರುವದು. ಅದರ ಬಾಯಿಯೊಂದನ್ನು ಲಾಲ್‌ಬಾಗಿನಲ್ಲಿ ತೆರೆಯುವ ವಿಚಾರವು 2025ರಲ್ಲಿ ದೊಡ್ಡ ವಿವಾದಕ್ಕೆ ಕಾರಣವಾಯಿತು. ಸುರಂಗದ ಬಾಯಿ ಎಲ್ಲಿ ಬೀಳುವದೋ ಅಲ್ಲಿ ಗಿಡ ಹೋಗುವದು, ಮನೆ ಹೋಗುವದು, ಗದ್ದಲ ಬರುವದು. ನಷ್ಟವು ಬಾಗಿಲ ಬಳಿಯವರದು. ಲಾಭವು ಹಾಯ್ದು ಹೋಗುವವರದು. ಆದಕಾರಣ ಇಂಥ ಯೋಜನೆಯ ನಕಾಶೆಯಲ್ಲಿ ನಾವು ಮೊದಲು ನೋಡಬೇಕಾದುದು ನಡುವಿನ ಉದ್ದವನ್ನಲ್ಲ, ಎರಡು ತುದಿಗಳನ್ನು: ಅಲ್ಲಿಂದ ಏಳಬೇಕಾದವರು ಯಾರು, ಒಳಗೆ ಬಿಡಿಸಿಕೊಳ್ಳುವವರು ಯಾರು, ಹೊರಗೆ ನಿಲ್ಲುವವರು ಯಾರು, ತೆರುವವರು ಯಾರು.

ಈ ನಾಲ್ಕು ಪ್ರಶ್ನೆಗಳಿಗೆ ಕೆಲಸವು ಮೊದಲಾಗುವ ಮುನ್ನವೇ, ಜನರು ಓದಬಲ್ಲ ಕನ್ನಡದಲ್ಲಿ, ಸರಕಾರವು ಉತ್ತರವನ್ನು ಪ್ರಕಟಿಸತಕ್ಕದ್ದು. ಪೌರರು ಅದನ್ನು ಕೇಳಿ ಪಡೆಯತಕ್ಕದ್ದು. ಯಂತ್ರವು ಕೊರೆದು ಹೋದ ಮೇಲೆ ಬಾಗಿಲನ್ನು ಅಗಲ ಮಾಡುವದು ಯಾರಿಂದಲೂ ಆಗದು.