ಒಣಗಿದ ಮೇಲೆ ಏನು ಉಳಿಯುತ್ತೆ?

ಡಿಸೆಂಬರಿನಲ್ಲಿ ಅವ್ವನನ್ನು ರಾಣೆಬೆನ್ನೂರಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದೆವು. ರಕ್ತ ಕಡಿಮೆ ಇದೆ, ಮಾತ್ರೆಯ ಜೊತೆ ಹಣ್ಣು, ಸೊಪ್ಪು ತಿನ್ನಬೇಕು ಅಂದರು. ವಾಪಸ್ ಬರುವಾಗ ಅಪ್ಪ ಬಸ್ ಸ್ಟ್ಯಾಂಡ್ ಹತ್ತಿರ ಒಣಗಿಸಿದ ಸೇಬಿನ ಪಾಕೀಟು ಕೊಂಡ. ಹಸಿ ಸೇಬಾದರೆ ನಾಲ್ಕು ದಿನಕ್ಕೆ ಕೆಡುತ್ತವೆ, ಇದಾದರೆ ತಿಂಗಳುಗಟ್ಟಲೆ ಇರುತ್ತದೆ ಅನ್ನೋದು ಅವನ ಲೆಕ್ಕ. ಮನೆಯಲ್ಲಿ ಅಜ್ಜಿ ಒಂದು ಚೂರು ಬಾಯಿಗೆ ಹಾಕಿಕೊಂಡು ಕೇಳಿದಳು, ‘ಒಣಗಿಸಿದ್ರೊಳಗ ಸತ್ವ ಎಲ್ಲಿ ಉಳೀತೈತಿ? ನೀ ಬಿ.ಇ. ಓದಾಕತ್ತೀಯಲ್ಲ, ಹೇಳವ್ವಾ.’

ನಾನು ಮೆಕ್ಯಾನಿಕಲ್ ಆರನೇ ಸೆಮಿಸ್ಟರ್. ಡ್ರೈಯರ್‌ನಲ್ಲಿ ಎಷ್ಟು ನೀರು ಹೋಗುತ್ತದೆ ಅನ್ನುವ ಲೆಕ್ಕ ಪರೀಕ್ಷೆಗೆ ಬಂದರೆ ಹತ್ತು ಮಾರ್ಕ್ಸ್ ಗ್ಯಾರಂಟಿ. ಆದರೆ ಅಜ್ಜಿಗೆ ಉತ್ತರ ಕೊಡಲಾಗಲಿಲ್ಲ.

ಹಾವೇರಿಯ ರೂಮಿಗೆ ಬಂದು ಅಮೆರಿಕದ ಕೃಷಿ ಇಲಾಖೆಯ ಆಹಾರ ಪಟ್ಟಿ ತೆರೆದೆ. 100 ಗ್ರಾಂ ಹಸಿ ಸೇಬಿನಲ್ಲಿ ಸುಮಾರು 85 ಗ್ರಾಂ ನೀರು, 4.6 ಮಿಲಿಗ್ರಾಂ ವಿಟಮಿನ್ ಸಿ. ಒಣ ಸೇಬಿನಲ್ಲಿ ನೀರು ಸುಮಾರು 32 ಗ್ರಾಂ, ವಿಟಮಿನ್ ಸಿ 3.9 ಮಿಲಿಗ್ರಾಂ. ಅಷ್ಟೇನೂ ಕಡಿಮೆಯಾಗಿಲ್ಲವಲ್ಲ ಅನ್ನಿಸುತ್ತೆ. ಮೋಸ ಇರೋದು ಅಲ್ಲೇ. 100 ಗ್ರಾಂ ಒಣ ಸೇಬು ಆಗಬೇಕಾದರೆ ಹೆಚ್ಚುಕಡಿಮೆ 470 ಗ್ರಾಂ ಹಸಿ ಸೇಬು ಬೇಕು. ಅದರಲ್ಲಿ 21 ಮಿಲಿಗ್ರಾಂಗಿಂತ ಹೆಚ್ಚು ವಿಟಮಿನ್ ಸಿ ಇತ್ತು. ಉಳಿದದ್ದು 4. ಬಿಸಿ, ಗಾಳಿ, ಬೆಳಕು ಮೂರೂ ಅದಕ್ಕೆ ಆಗಿಬರುವುದಿಲ್ಲ. ನಾರು, ಪೊಟ್ಯಾಸಿಯಂ, ಸಕ್ಕರೆ ಮಾತ್ರ ಎಲ್ಲೂ ಹೋಗುವುದಿಲ್ಲ, ನೀರು ಹೋದಂತೆ ಸಾಂದ್ರವಾಗುತ್ತವೆ.

ಅವ್ವನಿಗೆ ಇದು ಬರೀ ಅಂಕಿಯಲ್ಲ. ಸೊಪ್ಪು, ಕಾಳಿನಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ವಿಟಮಿನ್ ಸಿ ನೆರವಾಗುತ್ತದೆ. ನಿಜ ಹೇಳಬೇಕೆಂದರೆ ಹಸಿ ಸೇಬಿನಲ್ಲೂ ಅದು ಅಷ್ಟಕ್ಕಷ್ಟೇ. ಅದೇ 100 ಗ್ರಾಂ ಪೇರಲಹಣ್ಣಿನಲ್ಲಿ 200 ಮಿಲಿಗ್ರಾಂಗೂ ಹೆಚ್ಚಿದೆ. ಫೋನ್ ಮಾಡಿ, ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡು, ಪೇರಲ ತಿನ್ನು ಅಂದೆ. ಪಾಕೀಟನ್ನು ತಮ್ಮ ಎರಡೇ ದಿನದಲ್ಲಿ ಖಾಲಿ ಮಾಡಿದ್ದ.

ಆಮೇಲೆ ಹೊಳೆಯಿತು, ಒಣಗಿಸುವುದೇ ನಮ್ಮ ಮನೆಯ ಕಸುಬಲ್ಲವೇ! ಬ್ಯಾಡಗಿ ಮೆಣಸಿನಕಾಯಿ ಬೆಳೆಯುವವರು ನಾವು. ನಮ್ಮ ಊರಿನಿಂದ ಬ್ಯಾಡಗಿ ಮಾರುಕಟ್ಟೆಗೆ ಟ್ರ್ಯಾಕ್ಟರ್‌ನಲ್ಲಿ ಅರ್ಧ ಗಂಟೆ. ಹಸಿ ಕೆಂಪು ಮೆಣಸಿನಕಾಯಿಯಲ್ಲಿ 100 ಗ್ರಾಂಗೆ ಸುಮಾರು 140 ಮಿಲಿಗ್ರಾಂ ವಿಟಮಿನ್ ಸಿ ಇರುತ್ತದೆ. ಹಂಗೇರಿಯ ಸೆಂಟ್-ಜ್ಯೋರ್ಜಿ ಎಂಬ ವಿಜ್ಞಾನಿ ತನ್ನ ಸಂಶೋಧನೆಗೆ ಬೇಕಾದ ವಿಟಮಿನ್ ಸಿಯನ್ನು ರಾಶಿಗಟ್ಟಲೆ ತೆಗೆದದ್ದು ತನ್ನೂರಿನ ಪಪ್ರಿಕಾದಿಂದ, ಅಂದರೆ ನಮ್ಮ ಕಾಯಿಯ ದಾಯಾದಿಯಿಂದಲೇ. 1937ರಲ್ಲಿ ನೊಬೆಲ್ ಬಂತು. ನಾವು ಕಣದಲ್ಲಿ ಹರಡಿ ಆ ವಿಟಮಿನ್ನನ್ನು ಬಹುಪಾಲು ಬಿಸಿಲಿಗೆ ಕೊಟ್ಟುಬಿಡುತ್ತೇವೆ. ಬೇಸರವೇನಿಲ್ಲ, ವಿಟಮಿನ್ನಿಗಾಗಿ ಯಾರೂ ಖಾರದಪುಡಿ ತಿನ್ನುವುದಿಲ್ಲ. ಬ್ಯಾಡಗಿ ಕಾಯಿಗೆ ಬೆಲೆ ಬಣ್ಣಕ್ಕೆ. 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಖಾರ ಕಡಿಮೆ, ಕೆಂಪು ಜಾಸ್ತಿ. ಆ ಕೆಂಪು ಒಣಗಿದರೂ ಉಳಿಯುತ್ತದೆ, ಆದರೆ ವಿಪರೀತ ಬಿಸಿಲು ಬಡಿದರೆ ಬಿಳಿಚಿಕೊಳ್ಳುತ್ತದೆ. ನೆನೆದರೆ ಇನ್ನೂ ಕೆಟ್ಟದ್ದು.

ಇಲ್ಲಿಂದ ಮುಂದಿನದು ಬರೆಯಲು ಸ್ವಲ್ಪ ಸಂಕೋಚ. ಚೀಲ ತುಂಬುವ ಹಿಂದಿನ ರಾತ್ರಿ ಅಪ್ಪ ಕಾಯಿಗೆ ನೀರು ಚಿಮುಕಿಸುತ್ತಾನೆ. ಪೂರ್ತಿ ಒಣಗಿದ ಕಾಯಿ ತುಂಬುವಾಗ ಮುರಿಯುತ್ತದೆ, ಪುಡಿಯಾದರೆ ದರ ಬೀಳುತ್ತದೆ, ಇದೊಂದು ಕಾರಣ. ಇನ್ನೊಂದು ತೂಕ. ಆಹಾರ ಸುರಕ್ಷತೆಯ ನಿಯಮದಲ್ಲಿ ಒಣ ಮೆಣಸಿನಕಾಯಿಯ ತೇವಾಂಶ ಶೇ 11 ಮೀರಬಾರದು. ಅದು ಶೇ 15 ಆದರೆ ಕ್ವಿಂಟಲ್ ಕಾಯಿ 104 ಕೆಜಿ ಮೀರಿ ತೂಗುತ್ತದೆ. ಆ ನಾಲ್ಕೂವರೆ ಕೆಜಿ ನೀರಿನ ದುಡ್ಡಿನಲ್ಲಿ ನನ್ನ ಫೀಸೂ ಇದೆ.

ಒದ್ದೆ ಕಾಯಿಯಲ್ಲಿ ಬೂಸ್ಟು ಬೆಳೆಯುತ್ತದೆ. ಅದರಲ್ಲಿ ಒಂದು ಜಾತಿ ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ, ಲಿವರ್‌ಗೆ ಕೇಡು. ಹುರಿದರೂ ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಯುರೋಪಿನವರು ಒಂದು ಕೆಜಿ ಮೆಣಸಿನಕಾಯಿಯಲ್ಲಿ ಒಟ್ಟು 10 ಮೈಕ್ರೋಗ್ರಾಂ ಮೀರಿದರೆ ಒಳಗೆ ಬಿಡುವುದಿಲ್ಲ.

ಜನವರಿಯಲ್ಲಿ ಊರಿಗೆ ಹೋದಾಗ ಇದನ್ನೆಲ್ಲ ಹೇಳಿದೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದ. ‘ಎಲ್ಲಾರೂ ಹಾಕ್ತಾರ. ನಾ ಒಬ್ಬಾವ ಬಿಟ್ರ ನಂಗ ಹೆಚ್ಚಿಗಿ ರೇಟ್ ಕೊಡ್ತಾರೇನು?’ ಇದಕ್ಕೆ ನನ್ನ ಪಟ್ಟಿಯಲ್ಲಿ ಉತ್ತರವಿರಲಿಲ್ಲ. ಅಜ್ಜಿ ಮಾತ್ರ ಒಂದು ಕಾಯಿ ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿದಳು. ಬೀಜ ಗಲಗಲ ಅಂದರೆ ಒಣಗಿದೆ ಎಂದು ಅವಳ ಲೆಕ್ಕ. ‘ಮನಿಗೆ ಇಟ್ಕೊಳ್ಳೋ ಕಾಯಿಗೆ ನೀರು ಹೊಡೀತಿಯೇನೋ?’ ಎಂದು ಮಗನನ್ನು ಕೇಳಿದಳು.

ಮಿನಿ ಪ್ರಾಜೆಕ್ಟಿಗೆ ನಾವು ನಾಲ್ವರು ಈಗ ಸೋಲಾರ್ ಡ್ರೈಯರ್ ಮಾಡುತ್ತಿದ್ದೇವೆ. ಮೇಲೆ ನೆರಳು, ಕೆಳಗಿನಿಂದ ಬಿಸಿಗಾಳಿ, ಇಬ್ಬನಿ ಬೀಳದಂತೆ ಮುಚ್ಚಳ. ಒಂದು ಸಲಕ್ಕೆ ಹಿಡಿಸುವುದು ಐದೇ ಕೆಜಿ, ಅಪ್ಪನ ರಾಶಿಯ ಮುಂದೆ ಆಟಿಕೆ. ಆ ಗುರುವಾರ ಬ್ಯಾಡಗಿಗೆ ಹೋದ ಇಪ್ಪತ್ತಾರು ಚೀಲಗಳಲ್ಲಿ ಹತ್ತಕ್ಕೆ ಅಪ್ಪ ನೀರು ಹಾಕಿರಲಿಲ್ಲ. ಅವನ್ನು ಬೇರೆ ಲಾಟ್ ಮಾಡಿ ಇಟ್ಟಿದ್ದ, ದರ ನೋಡೋಣ ಅಂತ. ಕ್ವಿಂಟಲ್‌ಗೆ ಮುನ್ನೂರು ರೂಪಾಯಿ ಹೆಚ್ಚು ಬಂತು. ತೂಕದಲ್ಲಿ ಹೋದದ್ದಕ್ಕೆ ಅದು ಸಾಲಲಿಲ್ಲ. ಮುಂದಿನ ವಾರಕ್ಕೆ ಏನು ಮಾಡುತ್ತಾನೋ ಇನ್ನೂ ಹೇಳಿಲ್ಲ.