ಮೈಯೊಳಗಿನ ದಣಿದ ತಳವಾರರು

ಕಳೆದ ವರ್ಷದ ರಾಜ್ಯೋತ್ಸವಕ್ಕೆ ನಮ್ಮ ಸಂಘದ ಸಭಾಂಗಣದಲ್ಲಿ ರಕ್ತದಾನ ಶಿಬಿರ ನಡೆದುದು ಓದುಗರಲ್ಲಿ ಹಲವರಿಗೆ ನೆನಪಿರಬಹುದು. ಅಂದು ರಕ್ತ ಕೊಟ್ಟವರಲ್ಲಿ ಹುಬ್ಬಳ್ಳಿ ಕಡೆಯ ಒಂದು ಮನೆತನದ ೨೬ ವರ್ಷದ ತರುಣನೂ ಇದ್ದ. ಗಟ್ಟಿಮುಟ್ಟಾದ ಆಳು, ನೆಗಡಿ ಜ್ವರಗಳನ್ನು ಬಿಟ್ಟರೆ ಬೇರೆ ಕಾಯಿಲೆ ಕಂಡವನಲ್ಲ. ಎರಡು ವಾರದ ಮೇಲೆ ರಕ್ತನಿಧಿಯಿಂದ ಅವನಿಗೆ ಕರೆ ಬಂತು. ಅವನ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ಸಿನ ಗುರುತು ಕಂಡಿತ್ತು. ವೈದ್ಯರು ಮನೆಯವರೆಲ್ಲರ ರಕ್ತವನ್ನೂ ಪರೀಕ್ಷೆ ಮಾಡಿಸಿದರು. ತಾಯಿಯ ರಕ್ತದಲ್ಲೂ ಅದೇ ಗುರುತು. ಹೆರಿಗೆಗೆಂದು ತವರಿಗೆ ಬಂದಿದ್ದ, ಏಳು ತಿಂಗಳ ಬಸುರಿ ಅಕ್ಕನ ರಕ್ತದಲ್ಲೂ ಅದೇ ಗುರುತು.

ಸುದ್ದಿ ತಿಳಿದು ನಾವು ಆ ಮನೆಗೆ ಹೋದೆವು. ಅಡಿಗೆಮನೆಯ ಮೂಲೆಯಲ್ಲಿ ಮೂರು ತಟ್ಟೆ, ಮೂರು ಲೋಟಗಳನ್ನು ಬೇರೆಯಾಗಿ ಬೋರಲು ಹಾಕಿದ್ದುದು ಕಣ್ಣಿಗೆ ಬಿತ್ತು. ನಮಗೆ ಚಹಾ ಕೊಟ್ಟ ತಾಯಿ ತಾವು ಕುಡಿಯಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, ಕಡೆಗೆ ಕೇಳಿದರು:

“ಅಣ್ಣಾವ್ರ, ಹುಟ್ಟಿದಾಗಿಂದ ಅದು ಅವನ ಮೈಯಾಗ ಇತ್ತಂತ. ನನ್ನಿಂದನ ಬಂತಂತ. ಅಷ್ಟೂ ವರ್ಷ ಅವನ ಮೈ ಏನ್ ಮಾಡಾಕ್ಹತ್ತಿತ್ರಿ? ನಿದ್ದಿ ಹೊಡೀತಿತ್ತೇನು?”

ಆ ಪ್ರಶ್ನೆಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಬಲ್ಲ ವೈದ್ಯರನ್ನು ಕೇಳಿ, ಓದಿ, ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತಿದ್ದೇವೆ. ಇದು ಆ ಒಂದು ಮನೆಯ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ೨೦೨೨ರಲ್ಲಿ ಜಗತ್ತಿನಲ್ಲಿ ೨೫ ಕೋಟಿ ೪೦ ಲಕ್ಷ ಜನರ ಮೈಯಲ್ಲಿ ಈ ವೈರಸ್ ನೆಲೆನಿಂತಿತ್ತು. ಅವರಲ್ಲಿ ಸುಮಾರು ೩ ಕೋಟಿ ಜನ ಭಾರತದವರು. ಬಹುಮಂದಿಗೆ ಅದು ಗೊತ್ತೇ ಇಲ್ಲ.

ಮೊದಲು ಈ ವೈರಸ್ಸಿನ ಸ್ವಭಾವವನ್ನು ನೋಡೋಣ. ಅದು ಸೇರಿಕೊಳ್ಳುವುದು ಯಕೃತ್ತಿನಲ್ಲಿ, ಎಂದರೆ ನಾವೆಲ್ಲ ಲಿವರ್ ಎನ್ನುವ ಅಂಗದಲ್ಲಿ. ಕಳ್ಳನಂತೆ ಸದ್ದಿಲ್ಲದೆ ಬರುತ್ತದೆ. ಹೊಕ್ಕ ಜೀವಕೋಶವನ್ನು ಅದು ತಾನಾಗಿ ಕೊಲ್ಲುವುದಿಲ್ಲ. ಅದರೊಳಗೆ ಕುಳಿತು ತನ್ನ ಪ್ರತಿಗಳನ್ನು ತಯಾರಿಸುತ್ತ ಹೋಗುತ್ತದೆ. ಹಾಗಾದರೆ ಕಾಮಾಲೆ ಏಕೆ ಬರುತ್ತದೆ? ಅದು ನಮ್ಮ ಮೈಯ ಕಾವಲುಪಡೆ ಎಚ್ಚೆತ್ತು ನಡೆಸುವ ಹೋರಾಟದ ಫಲ.

ಈ ಪಡೆಯ ಮುಖ್ಯ ಆಳುಗಳು ರಕ್ತದ ಬಿಳಿಯ ಕಣಗಳಲ್ಲಿ ಸೇರಿದ ಟಿ ಕೋಶಗಳು ಮತ್ತು ಬಿ ಕೋಶಗಳು. ಬಿ ಕೋಶಗಳು ಪ್ರತಿಕಾಯಗಳನ್ನು ತಯಾರಿಸುತ್ತವೆ. ರಕ್ತದಲ್ಲಿ ತೇಲುವ ವೈರಸ್ಸನ್ನು ಪ್ರತಿಕಾಯ ಹಿಡಿಯುತ್ತದೆ. ಆದರೆ ಕೋಶದ ಒಳಗೆ ಅಡಗಿದ ವೈರಸ್ಸು ಅದಕ್ಕೆ ಸಿಗುವುದಿಲ್ಲ. ಆ ಕೆಲಸ ಟಿ ಕೋಶಗಳದು. ನಮ್ಮ ಮೈಯ ಪ್ರತಿಯೊಂದು ಕೋಶವೂ ತನ್ನೊಳಗೆ ತಯಾರಾಗುವ ವಸ್ತುಗಳ ಚೂರುಗಳನ್ನು ಹೊರಮೈಯಲ್ಲಿ ತೋರಿಸುತ್ತಿರುತ್ತದೆ. ಗಸ್ತು ತಿರುಗುವ ಟಿ ಕೋಶ ಅದನ್ನು ಮುಟ್ಟಿ ನೋಡಿ, ಪರಕೀಯ ಚೂರು ಕಂಡರೆ ಎರಡು ಕೆಲಸ ಮಾಡುತ್ತದೆ. ಒಂದು, ಆ ಕೋಶವನ್ನು ಕೊಲ್ಲುತ್ತದೆ. ಎರಡು, ಇಂಟರ್‌ಫೆರಾನ್ ಮೊದಲಾದ ದ್ರವ್ಯಗಳನ್ನು ಸೂಸಿ, ಸುತ್ತಲಿನ ಕೋಶಗಳನ್ನು ಕೊಲ್ಲದೆಯೇ ಅವುಗಳಲ್ಲಿನ ವೈರಸ್ಸಿನ ಬಾಯಿ ಕಟ್ಟುತ್ತದೆ.

ಬೆಳೆದ ಮನುಷ್ಯನಿಗೆ ಹೊಸದಾಗಿ ಈ ಸೋಂಕು ತಗುಲಿದರೆ ಈ ಹೋರಾಟ ಜೋರಾಗಿಯೇ ನಡೆಯುತ್ತದೆ. ಹಲವರಿಗೆ ಕಣ್ಣು ಹಳದಿಯಾಗುತ್ತದೆ, ಊಟ ಸೇರುವುದಿಲ್ಲ. ಆದರೆ ಹಾಗೆ ಸೋಂಕು ತಗುಲಿದ ದೊಡ್ಡವರಲ್ಲಿ ನೂರಕ್ಕೆ ೯೫ಕ್ಕೂ ಹೆಚ್ಚು ಮಂದಿ ವೈರಸ್ಸನ್ನು ಅಡಗಿಸಿಬಿಡುತ್ತಾರೆ. ಹಸುಗೂಸಿನ ಪಾಡು ಇದಕ್ಕೆ ತೀರ ತಿರುಗುಮುರುಗು. ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಸೋಂಕು ತಗುಲಿದ ಮಗುವಿಗೆ ಜ್ವರವಿಲ್ಲ, ಕಾಮಾಲೆಯಿಲ್ಲ. ಹಾಲು ಕುಡಿದು ಆಡಿಕೊಂಡಿರುತ್ತದೆ. ಅಂಥ ಹತ್ತು ಮಕ್ಕಳಲ್ಲಿ ಒಂಬತ್ತರ ಮೈಯಲ್ಲಿ ವೈರಸ್ ಕಾಯಂ ಆಗಿ ನೆಲಸುತ್ತದೆ. ಸದ್ದಿಲ್ಲವೆಂದರೆ ಸುಖವೆಂದಲ್ಲ.

ಇಷ್ಟು ದೀರ್ಘಕಾಲ ಶತ್ರು ಒಳಗೇ ಇದ್ದರೆ ಟಿ ಕೋಶಗಳ ಗತಿಯೇನು? ಇದರ ಗುಟ್ಟು ಹೊರಬಿದ್ದುದು ಇಲಿಗಳಿಂದ. ಇಲಿಗಳಿಗೆ ತಗಲುವ ಒಂದು ವೈರಸ್ಸಿನಲ್ಲಿ ಎರಡು ತಳಿಗಳುಂಟು. ಒಂದನ್ನು ಇಲಿಯ ಮೈ ಎಂಟು ಹತ್ತು ದಿನಗಳಲ್ಲಿ ಹೊರದೂಡುತ್ತದೆ. ಇನ್ನೊಂದು ತಿಂಗಳುಗಟ್ಟಲೆ ನಿಲ್ಲುತ್ತದೆ. ನಿಲ್ಲುವ ತಳಿಯನ್ನು ಹೊಕ್ಕಿಸಿದಾಗ ಹೋರಾಡುವ ಟಿ ಕೋಶಗಳು ಬಲಗುಂದಿ ಮಾಯವಾಗುವುದನ್ನು ೧೯೯೩ರಲ್ಲಿ ಸ್ವಿಟ್ಸರ್ಲೆಂಡಿನ ಜೂರಿಕ್ಕಿನ ವಿಜ್ಞಾನಿಗಳು ತೋರಿಸಿದರು. ೧೯೯೮ರಲ್ಲಿ ಅಮೆರಿಕದ ಎಮೋರಿ ವಿಶ್ವವಿದ್ಯಾಲಯದ ರಫಿ ಅಹ್ಮದ್ ಮತ್ತು ಅವರ ಸಂಗಡಿಗರು ಇನ್ನೊಂದು ಸೋಜಿಗವನ್ನು ಕಂಡರು. ಈ ರಫಿ ಅಹ್ಮದರು ಹೈದರಾಬಾದಿನಲ್ಲಿ ಹುಟ್ಟಿ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದವರೆಂಬುದು ಆ ಊರಿನ ನಮ್ಮ ಓದುಗರಿಗೆ ಸಂತೋಷ ಕೊಡುವ ಮಾತು. ಕೆಲವು ಟಿ ಕೋಶಗಳು ಸತ್ತಿರಲಿಲ್ಲ. ವೈರಸ್ಸಿನ ಚೂರನ್ನು ಗುರುತಿಸುತ್ತಲೂ ಇದ್ದವು. ಆದರೆ ಕೈಯೆತ್ತುತ್ತಿರಲಿಲ್ಲ.

ನಮ್ಮ ಹಳ್ಳಿಗಳ ತಳವಾರನನ್ನು ನೆನೆಯಿರಿ. ಒಂದು ರಾತ್ರಿ ಕಳ್ಳ ಬಂದರೆ ಕೂಗಿ ಊರನ್ನೆಬ್ಬಿಸುತ್ತಾನೆ. ಕಳ್ಳ ಪ್ರತಿ ರಾತ್ರಿಯೂ ಬಂದರೆ, ಪ್ರತಿ ಮನೆಯಲ್ಲೂ ಬಿಡಾರ ಹೂಡಿದರೆ, ಗಂಟಲು ಎಷ್ಟು ದಿನ ಬಂದೀತು? ಟಿ ಕೋಶದ ಬಲವೂ ಒಮ್ಮೆಲೇ ಹೋಗುವುದಿಲ್ಲ. ಮೊದಲು ತನ್ನ ಸಂತತಿಯನ್ನು ಹೆಚ್ಚಿಸುವ ಶಕ್ತಿ ಕುಂದುತ್ತದೆ. ಆಮೇಲೆ ದ್ರವ್ಯಗಳನ್ನು ಸೂಸುವುದು ಒಂದೊಂದಾಗಿ ನಿಲ್ಲುತ್ತದೆ. ಹೆಪಟೈಟಿಸ್ ಬಿ ವೈರಸ್ಸಂತೂ ದಣಿಸುವುದರಲ್ಲಿ ನಿಪುಣ. ಒಂದು ನಿಜವಾದ ವೈರಸ್ಸಿಗೆ ಸಾವಿರಾರು ಪಟ್ಟು ಟೊಳ್ಳು ಕಣಗಳನ್ನು, ಬರಿಯ ಹೊರಕವಚಗಳನ್ನು, ಅದು ರಕ್ತಕ್ಕೆ ತೂರುತ್ತದೆ. ಕಾವಲುಪಡೆ ಎಲ್ಲಿ ನೋಡಿದರೂ ಶತ್ರುವಿನ ವೇಷ.

ಆದರೆ ಇದು ಬರಿಯ ದಣಿವೆ? ಅಲ್ಲ. ಜಪಾನಿನ ಕ್ಯೋಟೋದಲ್ಲಿ ತಸುಕು ಹೊಂಜೊ ಅವರ ಪ್ರಯೋಗಶಾಲೆ ೧೯೯೨ರಲ್ಲಿ ಪಿಡಿ-೧ ಎಂಬ ಒಂದು ಅಣುವನ್ನು ಗುರುತಿಸಿತ್ತು. ಅದು ಟಿ ಕೋಶದ ಮೈಮೇಲಿರುವ ಬ್ರೇಕು ಎಂದು ಆಮೇಲೆ ತಿಳಿಯಿತು. ದಣಿದ ಟಿ ಕೋಶಗಳ ಮೇಲೆ ಈ ಬ್ರೇಕು ತುಂಬಿರುವುದನ್ನು ಅಹ್ಮದರ ತಂಡ ೨೦೦೬ರಲ್ಲಿ ಪ್ರಕಟಿಸಿತು. ಇಲಿಗಳಲ್ಲಿ ಆ ಬ್ರೇಕನ್ನು ತಡೆದಾಗ ಕೋಶಗಳು ಮತ್ತೆ ಚೇತರಿಸಿಕೊಂಡವು, ವೈರಸ್ ಇಳಿಯಿತು. ಆದರೆ ಹುಟ್ಟಿನಿಂದಲೇ ಈ ಬ್ರೇಕನ್ನು ಒತ್ತುವ ಅಣುವಿಲ್ಲದ ಇಲಿಗಳಿಗೆ ಅದೇ ಸೋಂಕನ್ನು ಕೊಟ್ಟಾಗ ಏನಾಯಿತು? ಅವು ಕೆಲವೇ ದಿನಗಳಲ್ಲಿ ಸತ್ತವು. ವೈರಸ್ಸಿನಿಂದಲ್ಲ, ತಮ್ಮದೇ ಕಾವಲುಪಡೆಯ ಹೊಡೆತದಿಂದ.

ಆ ತಾಯಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಮಗನ ಮೈ ನಿದ್ದೆ ಹೊಡೆಯುತ್ತಿರಲಿಲ್ಲ. ಯಕೃತ್ತಿನ ಮನೆಮನೆಯಲ್ಲೂ ಕಳ್ಳ ಸೇರಿದ್ದಾಗ ಎಲ್ಲ ಮನೆಗಳಿಗೂ ಬೆಂಕಿಯಿಟ್ಟರೆ ಊರೇ ಉಳಿಯದು. ಆದುದರಿಂದ ಮೈ ತನ್ನ ಆಳುಗಳ ಕೈ ಹಿಡಿಯಿತು. ಗೆಲ್ಲಲಾರದ ಯುದ್ಧದಲ್ಲಿ ಜೀವ ಉಳಿಸಿಕೊಳ್ಳುವ ಒಪ್ಪಂದ ಅದು.

ಆದರೆ ಒಪ್ಪಂದ ಶಾಶ್ವತವಲ್ಲ ಎಂಬುದನ್ನು ಓದುಗರು ಮರೆಯಬಾರದು. ನಡುವೆ ಯಾವಾಗಲೋ ಬ್ರೇಕು ಸಡಿಲಿ ಜಗಳ ಭುಗಿಲೇಳುತ್ತದೆ. ಯಕೃತ್ತಿನ ಕೋಶಗಳು ಸಾಯುತ್ತವೆ. ಆ ಜಾಗದಲ್ಲಿ ಕಲೆ ಕಟ್ಟುತ್ತದೆ. ಹತ್ತಾರು ವರ್ಷಗಳಲ್ಲಿ ಕಲೆ ಗಟ್ಟಿಯಾಗಿ ಸಿರೋಸಿಸ್ ಆಗಬಹುದು, ಕ್ಯಾನ್ಸರೂ ಬರಬಹುದು. ಮದ್ಯ ಮುಟ್ಟದವರಿಗೂ ಇದು ಬರುತ್ತದೆ. ಅದಕ್ಕೇ ಆರೋಗ್ಯವಾಗಿ ಕಂಡರೂ ಆರು ತಿಂಗಳಿಗೊಮ್ಮೆ ಪರೀಕ್ಷೆ ಬೇಕು. ಟೆನೊಫೊವಿರ್, ಎಂಟೆಕವಿರ್ ಎಂಬ ಮಾತ್ರೆಗಳು ವೈರಸ್ಸನ್ನು ಹತ್ತಿಕ್ಕುತ್ತವೆ, ಬೇರುಸಹಿತ ಕೀಳುವುದಿಲ್ಲ. ಯಾರಿಗೆ ಯಾವಾಗ ಬೇಕೆಂಬುದನ್ನು ವೈದ್ಯರೇ ಹೇಳಬೇಕು. ಕೇಂದ್ರ ಸರ್ಕಾರದ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ೨೦೧೮ರಲ್ಲಿ ಆರಂಭವಾಗಿದ್ದು, ಅದರಡಿ ಪರೀಕ್ಷೆಯೂ ಔಷಧವೂ ಉಚಿತ. ಮಾತ್ರೆಯನ್ನು ಮನಸ್ಸಿಗೆ ಬಂದಂತೆ ನಿಲ್ಲಿಸಿದರೆ ಅಡಗಿದ ಜಗಳ ಮತ್ತೆ ಏಳುತ್ತದೆ.

ಇನ್ನು ಆ ಮೂರು ತಟ್ಟೆ ಲೋಟಗಳ ಮಾತು. ಈ ವೈರಸ್ ಹರಡುವುದು ರಕ್ತದಿಂದ, ದಾಂಪತ್ಯ ಸಂಪರ್ಕದಿಂದ, ತಾಯಿಯಿಂದ ಕೂಸಿಗೆ. ಶುದ್ಧಿ ಮಾಡದ ಸೂಜಿ, ಇನ್ನೊಬ್ಬರ ಕ್ಷೌರದ ಬ್ಲೇಡು, ಹಲ್ಲುಜ್ಜುವ ಬ್ರಷ್ಷುಗಳಿಂದ. ಜೊತೆಗೆ ಕುಳಿತು ಉಂಡರೆ ಬರುವುದಿಲ್ಲ, ಒಂದೇ ಲೋಟದಲ್ಲಿ ಕುಡಿದರೆ ಬರುವುದಿಲ್ಲ, ತಬ್ಬಿಕೊಂಡರೆ ಬರುವುದಿಲ್ಲ. ವೈದ್ಯರು ಇದನ್ನು ಆ ತಾಯಿಗೆ ಬಿಡಿಸಿ ಹೇಳಿದರು. “ನಿಮ್ಮಿಂದ ಬಂದುದು ನಿಜ, ನಿಮಗೆ ನಿಮ್ಮ ತಾಯಿಯಿಂದ ಬಂದಿರಬಹುದು. ಯಾರೂ ತಿಳಿದು ಕೊಟ್ಟದ್ದಲ್ಲ. ಈಗ ತಿಳಿದಿದೆ, ಮುಂದಿನ ಕೂಸಿಗೆ ದಾಟದಂತೆ ತಡೆಯೋಣ” ಎಂದರು.

ತಡೆಯುವ ದಾರಿ ಇದೆ. ಕೂಸು ಹುಟ್ಟಿದ ೨೪ ತಾಸಿನೊಳಗೆ ಹೆಪಟೈಟಿಸ್ ಬಿ ಲಸಿಕೆ ಬೀಳಬೇಕು. ತಾಯಿಗೆ ಸೋಂಕಿದ್ದರೆ ಸಿದ್ಧ ಪ್ರತಿಕಾಯದ ಚುಚ್ಚುಮದ್ದನ್ನೂ ಜೊತೆಗೇ ಕೊಡುತ್ತಾರೆ. ತಾಯಿಯ ರಕ್ತದಲ್ಲಿ ವೈರಸ್ ವಿಪರೀತವಾಗಿದ್ದರೆ ಬಸುರಿನಲ್ಲೇ ಮಾತ್ರೆ ಆರಂಭಿಸುತ್ತಾರೆ. ಈ ಲಸಿಕೆಯಲ್ಲಿರುವುದು ಏನು ಗೊತ್ತೆ? ವೈರಸ್ಸಿನ ಅದೇ ಹೊರಕವಚದ ವಸ್ತು! ಯಾವ ವೇಷದಿಂದ ವೈರಸ್ ಕಾವಲುಪಡೆಯನ್ನು ದಣಿಸುತ್ತದೆಯೋ ಅದನ್ನೇ ಯೀಸ್ಟಿನಲ್ಲಿ ಬೆಳೆಸಿ, ಕಳ್ಳ ಬರುವ ಮೊದಲೇ ಕೂಸಿನ ತಳವಾರರಿಗೆ ತೋರಿಸುವುದು. ಇಂಥ ಲಸಿಕೆಯನ್ನು ನಮ್ಮ ದೇಶದಲ್ಲೇ ತಯಾರಿಸಿ ೧೯೯೭ರಲ್ಲಿ ಮೊದಲು ಹೊರತಂದುದು ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್. ೨೦೧೧ರಿಂದ ಅದು ದೇಶದ ಎಲ್ಲ ಮಕ್ಕಳ ಲಸಿಕಾ ಪಟ್ಟಿಯಲ್ಲಿದೆ. ಅದಕ್ಕೆ ಮುಂಚೆ ಹುಟ್ಟಿದ ನಮ್ಮ ತರುಣ ತರುಣಿಯರಲ್ಲಿ ಎಷ್ಟೋ ಮಂದಿಗೆ ಬಿದ್ದಿಲ್ಲ.

ಆದಕಾರಣ ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಹೆರಿಗೆಗೆ ಊರಿಗೆ ಹೋಗುವ ಹೆಣ್ಣುಮಕ್ಕಳು ಪರೀಕ್ಷೆಯ ಚೀಟಿಯನ್ನು ಕೈಯಲ್ಲಿ ಹಿಡಿದೇ ಹೋಗಲಿ. ಊರು ಬದಲಾಯಿತೆಂದು ಮೊದಲ ದಿನದ ಲಸಿಕೆ ತಪ್ಪದಿರಲಿ. ಸೋಂಕಿದ್ದವರನ್ನು ಪಂಕ್ತಿಯಿಂದ ಎಬ್ಬಿಸಬೇಡಿ.

ಆ ಅಕ್ಕನಿಗೆ ಏಳನೆಯ ತಿಂಗಳಲ್ಲೇ ಮಾತ್ರೆ ಆರಂಭವಾಯಿತು. ಜನವರಿಯಲ್ಲಿ ಹೆಣ್ಣುಕೂಸು ಹುಟ್ಟಿತು. ಅಂದೇ ಎರಡು ತೊಡೆಗಳಿಗೆ ಎರಡು ಚುಚ್ಚುಮದ್ದು ಬಿದ್ದವು. ಮುಂದಿನ ಲಸಿಕೆಗಳೂ ತಪ್ಪದೆ ಆದವು. ಈ ಅಕ್ಟೋಬರಿನಲ್ಲಿ ಕೂಸಿನ ರಕ್ತ ಪರೀಕ್ಷೆಯಾಯಿತು. ವೈರಸ್ ಇಲ್ಲ, ಪ್ರತಿಕಾಯ ಇದೆ.

ಈ ರಾಜ್ಯೋತ್ಸವದ ಶಿಬಿರಕ್ಕೆ ಆ ತರುಣ ಮತ್ತೆ ಬಂದಿದ್ದ. ಅವನು ಇನ್ನು ರಕ್ತ ಕೊಡುವಂತಿಲ್ಲ. ಬಾಗಿಲ ಬಳಿ ಮೇಜು ಹಾಕಿಕೊಂಡು ಕೊಡಬಂದವರ ಹೆಸರು ಬರೆದುಕೊಳ್ಳುತ್ತಿದ್ದ. ಮಧ್ಯಾಹ್ನ ಅವನ ತಾಯಿ ಕೂಸನ್ನೆತ್ತಿಕೊಂಡು ಬಂದರು. ಸಂಘದ ಕೆಟ್ಲಿಯ ಚಹಾವನ್ನು ನಮ್ಮೆಲ್ಲರ ನಡುವೆ ಕುಳಿತು ಕುಡಿದರು.